ಸಿಗರೇಟು ತೆರಿಗೆ ನಂಬಿಕೊಂಡು ನಾಟಕ ಆಡಿಸೋದು ಎಷ್ಟು ದಿನ?

ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ನೀವು ಒಂದು ಪ್ಯಾಕ್ ಸಿಗರೇಟು ಕೊಂಡರೆ ಅದರಲ್ಲಿ 70 ಸೆಂಟ್ ನಾಟಕಕ್ಕೆ, ಸಂಗೀತಕ್ಕೆ, ಮ್ಯೂಸಿಯಂಗೆ ಹೋಗುತ್ತದೆ. ಇದು ತಮಾಷೆಯಲ್ಲ. ಒಹಾಯೊ ರಾಜ್ಯದ ಕಯಹೋಗ ಕೌಂಟಿಯ ಜನ 2006ರಲ್ಲಿ ಮತ ಹಾಕಿ ಒಪ್ಪಿಕೊಂಡ ತೆರಿಗೆ. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದ ಹಾಗೆ. ಶುರುವಿನಲ್ಲಿ ಪ್ಯಾಕಿಗೆ 30 ಸೆಂಟ್ ಇತ್ತು. 2015ರಲ್ಲಿ ಮತ್ತೆ ಮತಕ್ಕೆ ಹಾಕಿ ಮುಂದುವರಿಸಿದರು. 2024ರ ನವೆಂಬರ್‌ನಲ್ಲಿ ಮೂರನೇ ಸಲ ಜನರ ಮುಂದೆ ಹೋಗಿ 70 ಸೆಂಟ್‌ಗೆ ಏರಿಸಿದರು. ಅದೂ ಭಾರೀ ಬಹುಮತದಿಂದ ಪಾಸಾಯಿತು.

ಕೇಳಿದ ತಕ್ಷಣ ‘ಎಂಥ ಒಳ್ಳೆ ಐಡಿಯಾ’ ಅನ್ನಿಸುತ್ತೆ. ಕೆಟ್ಟ ಚಟಕ್ಕೆ ದಂಡ, ಒಳ್ಳೆ ಕಲೆಗೆ ದುಡ್ಡು. ನಮ್ಮಲ್ಲೂ ಯಕ್ಷಗಾನ ಮೇಳ, ಹವ್ಯಾಸಿ ನಾಟಕ ತಂಡ, ಊರ ಜಾತ್ರೆಯ ದೊಡ್ಡಾಟ ಎಲ್ಲದಕ್ಕೂ ಹಣದ ಮಾತು ಬಂದಾಗ ಯಾರಾದರೊಬ್ಬರು ‘ಗುಟ್ಕಾ, ಸಿಗರೇಟಿನ ಮೇಲೆ ಹಾಕ್ರಿ, ಯಾರೂ ಬೇಡ ಅನ್ನಲ್ಲ’ ಅಂತಾರೆ. ಹೌದು, ಯಾರೂ ಬೇಡ ಅನ್ನಲ್ಲ. ಆದರೆ ಬೇಡ ಅನ್ನೋ ಜನ ಕಡಿಮೆ ಇದ್ದಾರೆ ಅನ್ನೋದು ಒಂದು ತೆರಿಗೆ ಸರಿ ಅನ್ನೋದಕ್ಕೆ ಸಾಕ್ಷಿಯಾಗಲಾರದು. ತಂಬಾಕಿನ ಮೇಲೆ ತೆರಿಗೆ ಜೋರಾಗಿಯೇ ಇರಬೇಕು. ಆದರೆ ಕಲೆಯ ಊಟವನ್ನು ಅದಕ್ಕೆ ಕಟ್ಟಿಹಾಕಬಾರದು. ಯಾಕೆ ಅಂತ ನೋಡೋದಕ್ಕೆ ಕ್ಲೀವ್‌ಲ್ಯಾಂಡ್‌ಗಿಂತ ಒಳ್ಳೆ ಉದಾಹರಣೆ ಇಲ್ಲ, ಯಾಕಂದ್ರೆ ಅಲ್ಲಿ ಕೆಲಸ ಪ್ರಾಮಾಣಿಕವಾಗಿಯೇ ನಡೆದಿದೆ.

ಮೊದಲು ಲೆಕ್ಕ. 2007ರಲ್ಲಿ ವಸೂಲಿ ಶುರುವಾದಾಗ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್ ಬರುತ್ತಿತ್ತು. ಹದಿನಾರು ವರ್ಷ ಕಳೆಯುವಷ್ಟರಲ್ಲಿ ಅದು 1 ಕೋಟಿ ಡಾಲರ್ ಆಸುಪಾಸಿಗೆ ಇಳಿದಿತ್ತು. ಹಣ ಯಾರೂ ನುಂಗಿದ್ದಲ್ಲ. ಜನ ಸಿಗರೇಟು ಬಿಟ್ಟರು, ಅಷ್ಟೇ. ಕೆಲವರು ವೇಪ್‌ಗೆ ಹೋದರು, ಕೆಲವರು ಪಕ್ಕದ ಕೌಂಟಿಯಲ್ಲಿ ಕೊಂಡರು, ಬಹಳ ಮಂದಿ ಬಿಟ್ಟೇಬಿಟ್ಟರು. ಇಂಜಿನಿಯರಿಂಗ್ ಓದಿದ ನನ್ನಂಥವನಿಗೆ ಇದನ್ನು ನೋಡಿದರೆ ವಿಕಿರಣ ವಸ್ತುವಿನ ಅರ್ಧಾಯುಷ್ಯದ ಗ್ರಾಫ್ ನೆನಪಾಗುತ್ತದೆ. ಹದಿನಾರು ವರ್ಷದಲ್ಲಿ ಅರ್ಧ ಅಂದರೆ ವರ್ಷಕ್ಕೆ ಸುಮಾರು ಶೇ 4ರ ಇಳಿಕೆ.

ಇದರ ಮೇಲೆ ಬೆಲೆ ಏರಿಕೆಯ ಹೊಡೆತ. ತೆರಿಗೆ ಇದ್ದದ್ದು ಶೇಕಡಾವಾರು ಅಲ್ಲ, ಪ್ಯಾಕಿಗೆ ಇಂತಿಷ್ಟು ಸೆಂಟ್ ಅಂತ. ಅಮೆರಿಕದ ಹಣದುಬ್ಬರ ತೆಗೆದುಕೊಂಡರೆ 2007ರ 30 ಸೆಂಟ್‌ನ ಕೊಳ್ಳುವ ಶಕ್ತಿ 2023ರ ಹೊತ್ತಿಗೆ ಸುಮಾರು 20 ಸೆಂಟ್‌ನಷ್ಟಾಗಿತ್ತು. ಅಂದರೆ ಎರಡೂ ಸೇರಿ, ಕಲಾ ಸಂಸ್ಥೆಗಳ ಕೈಗೆ ಬಂದದ್ದು ಮೊದಲಿನ ಮೂರನೇ ಒಂದು ಪಾಲು. ಸಭಾಂಗಣದ ಬಾಡಿಗೆ, ಲೈಟಿಂಗ್‌ನವರ ಕೂಲಿ, ಕಲಾವಿದರ ಸಂಭಾವನೆ ಮಾತ್ರ ಮೂರನೇ ಒಂದು ಪಾಲಿಗೆ ಇಳಿಯಲಿಲ್ಲ.

ಹಾಗಾಗಿಯೇ 2024ರಲ್ಲಿ ದರವನ್ನು ಎರಡು ಪಟ್ಟಿಗಿಂತ ಹೆಚ್ಚು ಮಾಡಬೇಕಾಯಿತು. ಈಗ ನನ್ನದೇ ಒಂದು ಅಂದಾಜು ಲೆಕ್ಕ: 1 ಕೋಟಿ ಡಾಲರ್ ಬರುತ್ತಿದ್ದಾಗ ಸುಮಾರು 3.3 ಕೋಟಿ ಪ್ಯಾಕ್ ಮಾರಾಟವಾಗುತ್ತಿತ್ತು ಅಂತಾಯಿತು. ಅದನ್ನು 70 ಸೆಂಟ್‌ನಿಂದ ಗುಣಿಸಿದರೆ 2.3 ಕೋಟಿ ಡಾಲರ್. ಹಬ್ಬ! ಆದರೆ ಇಳಿಕೆ ಹಳೆಯ ವೇಗದಲ್ಲೇ ಸಾಗಿದರೂ ಹತ್ತು ವರ್ಷದ ಅವಧಿ ಮುಗಿಯುವಾಗ ಅದು ಒಂದೂವರೆ ಕೋಟಿ. ಮತ್ತೆ 2.3 ಕೋಟಿ ಬೇಕು ಅಂದರೆ ಪ್ಯಾಕಿಗೆ 1 ಡಾಲರ್ 8 ಸೆಂಟ್ ಹಾಕಬೇಕು. ದರ ಏರಿದಂತೆ ಬಿಡುವವರೂ ಹೆಚ್ಚುತ್ತಾರೆ, ಗಡಿ ದಾಟಿ ಕೊಳ್ಳುವವರೂ ಹೆಚ್ಚುತ್ತಾರೆ. ಹೀಗಾಗಿ ನಿಜವಾದ ಇಳಿಕೆ ಇದಕ್ಕಿಂತ ಜೋರಾಗಿಯೇ ಇರಬಹುದು. ಟ್ರೆಡ್‌ಮಿಲ್ ಮೇಲೆ ಓಡಿದ ಹಾಗೆ, ನಿಂತಲ್ಲೇ ನಿಲ್ಲೋದಕ್ಕೂ ವೇಗ ಹೆಚ್ಚಿಸುತ್ತಾ ಹೋಗಬೇಕು.

ಇಲ್ಲಿ ವಿಚಿತ್ರ ಏನು ಗೊತ್ತಾ? ಆರೋಗ್ಯದ ದೃಷ್ಟಿಯಿಂದ ಈ ಇಳಿಕೆ ಯಶಸ್ಸು. ತಂಬಾಕು ತೆರಿಗೆ ಇರೋದೇ ಜನ ಬಿಡಲಿ ಅಂತ. ಆದರೆ ಆರ್ಕೆಸ್ಟ್ರಾದ ಬಜೆಟ್ ಬರೆಯುವವರ ಮೇಜಿನ ಮೇಲೆ ಅದೇ ಯಶಸ್ಸು ಕೊರತೆಯಾಗಿ ಬಂದು ಕೂರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 1998ರಲ್ಲಿ ಪ್ಯಾಕಿಗೆ 50 ಸೆಂಟ್ ಹಾಕಿ ಪುಟ್ಟ ಮಕ್ಕಳ ಕಾರ್ಯಕ್ರಮಗಳಿಗೆ ಮೀಸಲಿಟ್ಟರು. ಅಲ್ಲೂ ಇದೇ ಕಥೆ, ಸೇದುವವರು ಕಡಿಮೆಯಾದಂತೆ ಮಕ್ಕಳ ಪಾಲು ಕರಗುತ್ತಾ ಬಂತು.

ಎರಡನೇ ಪ್ರಶ್ನೆ, ಯಾರು ಕೊಡ್ತಾರೆ, ಯಾರು ನೋಡ್ತಾರೆ ಅನ್ನೋದು. ಕ್ಲೀವ್‌ಲ್ಯಾಂಡ್‌ನಲ್ಲಿ ದಿನಕ್ಕೊಂದು ಪ್ಯಾಕ್ ಸೇದುವ ಒಬ್ಬ ಗೋದಾಮಿನ ಕೆಲಸಗಾರ ವರ್ಷಕ್ಕೆ 255 ಡಾಲರ್ ಕಲೆಗೆ ಕೊಡುತ್ತಾನೆ. ಸಿಗರೇಟು ಮುಟ್ಟದ, ಕ್ಲೀವ್‌ಲ್ಯಾಂಡ್ ಆರ್ಕೆಸ್ಟ್ರಾದ ಸೀಸನ್ ಟಿಕೆಟ್ ಇಟ್ಟುಕೊಂಡ ಶ್ರೀಮಂತ ಕೊಡೋದು ಸೊನ್ನೆ. ಅಮೆರಿಕದಲ್ಲಿ ಬಡವರು, ಕಡಿಮೆ ಓದಿದವರೇ ಹೆಚ್ಚು ಸೇದುವುದು. ಅನುದಾನದಲ್ಲಿ ದೊಡ್ಡ ಪಾಲು ಹೋಗುವುದು ಆರ್ಕೆಸ್ಟ್ರಾ, ಕಲಾ ಮ್ಯೂಸಿಯಂ, ಪ್ಲೇಹೌಸ್ ಸ್ಕ್ವೇರ್‌ನಂಥ ದೊಡ್ಡ ಸಂಸ್ಥೆಗಳಿಗೆ, ಯಾಕಂದ್ರೆ ಸಂಸ್ಥೆಯ ಬಜೆಟ್ ದೊಡ್ಡದಿದ್ದಷ್ಟೂ ಅನುದಾನವೂ ದೊಡ್ಡದು.

ಪೂರ್ತಿ ಅನ್ಯಾಯ ಅಂತ ಹೇಳಿದರೆ ಅದೂ ತಪ್ಪಾಗುತ್ತೆ. ಕ್ಲೀವ್‌ಲ್ಯಾಂಡ್ ಕಲಾ ಮ್ಯೂಸಿಯಂಗೆ ಪ್ರವೇಶ ಉಚಿತ. ಕಪ್ಪು ಜನರ ರಂಗಭೂಮಿಗೆ ನೂರು ವರ್ಷದಿಂದ ಮನೆಯಾಗಿರುವ ಕರಾಮು ಹೌಸ್‌ಗೂ ಈ ಹಣ ಹೋಗಿದೆ, ಬಡಾವಣೆಯ ಸಣ್ಣಪುಟ್ಟ ಉತ್ಸವಗಳಿಗೂ ಹೋಗಿದೆ. ಅನುದಾನ ಹಂಚುವುದಕ್ಕೆ ಪ್ರತ್ಯೇಕ ಸಂಸ್ಥೆ ಇದೆ, ಅರ್ಜಿಗಳನ್ನು ಹೊರಗಿನ ತಜ್ಞರು ನೋಡುತ್ತಾರೆ. ಎಂಎಲ್ಎ ಚೀಟಿ ಕೊಟ್ಟರೆ ಹಣ ಅನ್ನೋ ಹಾಗಿಲ್ಲ. ಕ್ಲೀವ್‌ಲ್ಯಾಂಡ್‌ನಿಂದ ನಾವು ಕದಿಯಬೇಕಾದದ್ದು ಇದನ್ನು.

ಅಂದ ಹಾಗೆ, ಅದೇ ಊರಿನಲ್ಲಿ ಸಿಗರೇಟಿನ ಮೇಲೆ ಇನ್ನೊಂದು ‘ಪಾಪದ ತೆರಿಗೆ’ಯೂ ಇದೆ. ಬೇಸ್‌ಬಾಲ್ ಮತ್ತು ಬಾಸ್ಕೆಟ್‌ಬಾಲ್ ತಂಡಗಳಿಗೆ ಸ್ಟೇಡಿಯಂ ಕಟ್ಟೋದಕ್ಕೆ 1990ರಲ್ಲಿ ಸಿಗರೇಟು, ಮದ್ಯದ ಮೇಲೆ ಹಾಕಿದ್ದು. 2014ರಲ್ಲಿ ಅದನ್ನು ಇನ್ನೂ 20 ವರ್ಷಕ್ಕೆ ಮುಂದುವರಿಸಿದರು. ಕೋಟ್ಯಧೀಶ ಮಾಲೀಕರ ತಂಡಕ್ಕೂ ಸೇದುವವನೇ, ಶಾಸ್ತ್ರೀಯ ಸಂಗೀತಕ್ಕೂ ಸೇದುವವನೇ!

ತಂಬಾಕಿಗೂ ಕಲೆಗೂ ನಂಟು ಹೊಸದಲ್ಲ. ನಮ್ಮಲ್ಲಿ ಆ ನಂಟು ಬಂದದ್ದು ಕಂಪನಿ ಕಡೆಯಿಂದ. 1996ರ ಕ್ರಿಕೆಟ್ ವಿಶ್ವಕಪ್‌ಗೆ ವಿಲ್ಸ್ ಹೆಸರಿತ್ತು. ಹಿಂದೂಸ್ತಾನಿ ಸಂಗೀತ ಬಲ್ಲವರಿಗೆ ಕೋಲ್ಕತ್ತದ ಐಟಿಸಿ ಸಂಗೀತ ಸಂಶೋಧನಾ ಅಕಾಡೆಮಿ ಗೊತ್ತೇ ಇರುತ್ತೆ. 1970ರ ದಶಕದಲ್ಲಿ ಸಿಗರೇಟು ಕಂಪನಿಯೊಂದು ಕಟ್ಟಿ ಬೆಳೆಸಿದ ಗುರುಕುಲ ಅದು. 2003ರ ತಂಬಾಕು ನಿಯಂತ್ರಣ ಕಾಯ್ದೆ ಬಂದ ಮೇಲೆ ತಂಬಾಕು ಬ್ರ್ಯಾಂಡ್‌ಗಳ ಜಾಹೀರಾತು, ಪ್ರಾಯೋಜಕತ್ವಕ್ಕೆ ಕಡಿವಾಣ ಬಿತ್ತು.

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ಇದನ್ನು ಹೆಚ್ಚು ಬುದ್ಧಿವಂತಿಕೆಯಿಂದ ಮಾಡಿತು. 1987ರಲ್ಲಿ ತಂಬಾಕಿನ ಮೇಲೆ ಒಂದು ಲೆವಿ ಹಾಕಿ ವಿಕ್‌ಹೆಲ್ತ್ ಅನ್ನೋ ಸಂಸ್ಥೆ ಕಟ್ಟಿದರು. ಕ್ರೀಡೆ ಮತ್ತು ಕಲೆಗೆ ಸಿಗರೇಟು ಕಂಪನಿಗಳು ಕೊಡುತ್ತಿದ್ದ ಪ್ರಾಯೋಜಕತ್ವವನ್ನು ಆ ದುಡ್ಡಿನಿಂದ ಖರೀದಿಸಿ ಹೊರಹಾಕುವುದು ಅದರ ಒಂದು ಮುಖ್ಯ ಕೆಲಸ. ಇಲ್ಲಿ ತೆರಿಗೆಗೂ ಖರ್ಚಿಗೂ ನೇರ ಸಂಬಂಧವಿತ್ತು. 1997ರಲ್ಲಿ ಅಲ್ಲಿನ ಹೈಕೋರ್ಟ್, ರಾಜ್ಯಗಳು ತಂಬಾಕಿನ ಮೇಲೆ ಇಂಥ ಶುಲ್ಕ ಹಾಕುವಂತಿಲ್ಲ ಅಂದಿತು. ಆಮೇಲೆ ವಿಕ್‌ಹೆಲ್ತ್ ಬಜೆಟ್ ಹಣದಿಂದ ನಡೆಯಿತು, ಮುಚ್ಚಲಿಲ್ಲ.

ನಮ್ಮಲ್ಲಿ ಆದದ್ದು ಬೇರೆ, ಅದಕ್ಕೆ ಬೀಡಿಯ ಕಥೆ ಹೇಳಬೇಕು. 1976ರಲ್ಲಿ ಸಂಸತ್ತು ಬೀಡಿ ಮೇಲೆ ಒಂದು ಸೆಸ್ ಹಾಕಿ, ಆ ಹಣವನ್ನು ಬೀಡಿ ಕಾರ್ಮಿಕರ ಕಲ್ಯಾಣಕ್ಕೆ ಮೀಸಲಿಡುವ ಕಾಯ್ದೆ ಮಾಡಿತು. ಆಸ್ಪತ್ರೆ, ಮಕ್ಕಳಿಗೆ ವಿದ್ಯಾರ್ಥಿವೇತನ, ಮನೆ ಕಟ್ಟಲು ನೆರವು ಎಲ್ಲ ಇದರಿಂದ. ದಕ್ಷಿಣ ಕನ್ನಡದಲ್ಲಿ ಮನೆ ಜಗುಲಿಯಲ್ಲಿ ಕೂತು ಬೀಡಿ ಕಟ್ಟಿದ ಅಮ್ಮಂದಿರ ಎಷ್ಟೋ ಮಕ್ಕಳು ಆ ವಿದ್ಯಾರ್ಥಿವೇತನದಲ್ಲಿ ಪುಸ್ತಕ ಕೊಂಡಿದ್ದಾರೆ. 2017ರಲ್ಲಿ ಜಿಎಸ್‌ಟಿ ಬಂತು, ಸೆಸ್ ರದ್ದಾಯಿತು. ಕಲ್ಯಾಣ ಯೋಜನೆಗಳು ಕೇಂದ್ರ ಬಜೆಟ್‌ನ ಕೃಪೆಗೆ ಬಿದ್ದವು. ಬೀಡಿಯಿಂದ ತೆರಿಗೆ ತೆಗೆಯುವುದು ನಿಲ್ಲಲಿಲ್ಲ, ಬೀಡಿ ಕಟ್ಟುವವಳಿಗೆ ಅಂತ ಬರೆದಿಟ್ಟ ಸಾಲು ಮಾತ್ರ ಅಳಿಸಿತು. ಕಟ್ಟುವವರಿಗೇ ಮೀಸಲಾದ ಹಣದ ಗತಿ ಇದಾದರೆ, ನಾಟಕದವರಿಗೆ ಅಂತ ಇಟ್ಟದ್ದು ಎಷ್ಟು ದಿನ ಉಳಿದೀತು?

ಇನ್ನು ಕಾನೂನಿನ ಮಾತು. ಕರ್ನಾಟಕ ಸರ್ಕಾರವಾಗಲಿ, ಧಾರವಾಡದ ಪಾಲಿಕೆಯಾಗಲಿ ಇವತ್ತು ಮನಸ್ಸು ಮಾಡಿದರೂ ಕಯಹೋಗದ ಹಾಗೆ ಸಿಗರೇಟಿನ ಮೇಲೆ ತನ್ನದೇ ತೆರಿಗೆ ಹಾಕುವಂತಿಲ್ಲ. ಸಿಗರೇಟಿಗೆ ಜಿಎಸ್‌ಟಿ ದರ ನಿಗದಿಯಾಗುವುದು ಜಿಎಸ್‌ಟಿ ಮಂಡಳಿಯಲ್ಲಿ. ಅದರ ಮೇಲೆ ಅಬಕಾರಿ ಸುಂಕ ಹಾಕುವ ಅಧಿಕಾರ ಕೇಂದ್ರಕ್ಕೆ ಮಾತ್ರ. 2026ರ ಫೆಬ್ರುವರಿಯಿಂದ ಸಿಗರೇಟಿಗೆ ಶೇ 40 ಜಿಎಸ್‌ಟಿ ಮತ್ತು ಕೇಂದ್ರದ ಹೊಸ ಅಬಕಾರಿ ಸುಂಕ ಎರಡೂ ಇವೆ. ಹುಣಸೂರು, ಪಿರಿಯಾಪಟ್ಟಣದ ರೈತ ತಂಬಾಕು ಬೆಳೆದು ಹರಾಜು ಕಟ್ಟೆಗೆ ತರುತ್ತಾನೆ, ಸರಿ. ಆದರೆ ಆ ತಾಲ್ಲೂಕಿನ ರಂಗಮಂದಿರಕ್ಕೆ ಅಂತ ಒಂದು ಪೈಸೆ ಎತ್ತಿಡುವ ದಾರಿ ಇಲ್ಲ.

ತಂಬಾಕು ಬಳಕೆ ನಮ್ಮಲ್ಲೂ ಇಳಿಯುತ್ತಿದೆ. 2016-17ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ತಂಬಾಕು ಬಳಸುವವರು ಶೇ 22.8. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ಶೇ 28ರ ಮೇಲಿತ್ತು. ಇವರಲ್ಲಿ ಹೆಚ್ಚಿನವರು ಸೇದುವವರಲ್ಲ, ಜಗಿಯುವವರು. ಎಲೆಯಡಿಕೆ ಜೊತೆ ಹೊಗೆಸೊಪ್ಪು ಹಾಕಿಕೊಳ್ಳುವ ಅಜ್ಜಿಯಿಂದ ಬೆಂಗಳೂರಿನ ಕಲಾ ಉತ್ಸವಕ್ಕೆ ದುಡ್ಡು ಎತ್ತೋದು ನನಗಂತೂ ಒಪ್ಪಿಗೆಯಿಲ್ಲ.

ಹಾಗಾದರೆ ಹಣ ಎಲ್ಲಿಂದ? ಡೆನ್ವರ್ ನಗರ ಮತ್ತು ಸುತ್ತಲಿನ ಕೌಂಟಿಗಳಲ್ಲಿ 1989ರಿಂದ 10 ಡಾಲರ್ ಖರೀದಿಗೆ 1 ಸೆಂಟ್‌ನಂತೆ ಮಾರಾಟ ತೆರಿಗೆ ಕಲೆ, ವಿಜ್ಞಾನ ಸಂಸ್ಥೆಗಳಿಗೆ ಹೋಗುತ್ತದೆ. ಎಲ್ಲರೂ ಏನಾದರೂ ಕೊಳ್ಳುತ್ತಾರೆ, ಹಾಗಾಗಿ ಎಲ್ಲರೂ ಚೂರು ಚೂರು ಕೊಡುತ್ತಾರೆ. ಊರು ಬೆಳೆದರೆ ನಿಧಿಯೂ ಬೆಳೆಯುತ್ತೆ. ಮಾರಾಟ ತೆರಿಗೆಯೂ ಬಡವರ ಮೇಲೆ ಹೆಚ್ಚು ಬೀಳುತ್ತೆ ನಿಜ, ಆದರೆ ಒಂದೇ ಗುಂಪಿನ ಹೆಗಲ ಮೇಲಲ್ಲ.

ನಮ್ಮಲ್ಲೂ ಎರಡು ದಾರಿ ಆಗಲೇ ತೆರೆದಿವೆ. ಒಂದು, 2024ರಲ್ಲಿ ವಿಧಾನಮಂಡಲ ಒಪ್ಪಿದ ಕಾಯ್ದೆ: ಸಿನಿಮಾ ಟಿಕೆಟ್, ಒಟಿಟಿ ಚಂದಾ ಮೇಲೆ ಶೇ 1ರಿಂದ 2ರ ತನಕ ಸೆಸ್, ಆ ಹಣ ಸಿನಿಮಾ ಮತ್ತು ಸಾಂಸ್ಕೃತಿಕ ಕ್ಷೇತ್ರದ ಕಾರ್ಯಕರ್ತರ ಕಲ್ಯಾಣಕ್ಕೆ. ಮನರಂಜನೆ ನೋಡುವವರೇ ಮನರಂಜನೆ ಕೊಡುವವರಿಗೆ ಕೊಡುವುದು, ತರ್ಕ ಸರಿಯಾಗಿಯೇ ಇದೆ. ಆದರೆ ಅದು ಕಲಾವಿದರ ಕಷ್ಟಕಾಲಕ್ಕೆ ಮೀಸಲು, ಊರಿನ ರಂಗಮಂದಿರದ ಸೋರುವ ಸೂರಿಗಲ್ಲ.

ಇನ್ನೊಂದು ಹಳೆಯದು, ನನಗೆ ಹೆಚ್ಚು ಇಷ್ಟವಾದದ್ದು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಗ್ರಂಥಾಲಯ ಕರ. ನೀವು ಕಟ್ಟುವ ಆಸ್ತಿ ತೆರಿಗೆಯ ಚಲನ್ ತೆಗೆದು ನೋಡಿ, ಅದರಲ್ಲಿ ಶೇ 6 ಈ ಕರ ಇರುತ್ತೆ. ಮನೆ ದೊಡ್ಡದಿದ್ದವರು ಹೆಚ್ಚು ಕೊಡುತ್ತಾರೆ, ಮನೆ ಇಲ್ಲದವರು ನೇರವಾಗಿ ಏನೂ ಕೊಡುವುದಿಲ್ಲ. ಮನೆಗಳು ಸಿಗರೇಟಿನ ಹಾಗೆ ವರ್ಷಕ್ಕೆ ಶೇ 4 ಕಡಿಮೆಯಾಗುವುದೂ ಇಲ್ಲ. ಇದರ ರೋಗ ಬೇರೆ: ನಗರ ಸ್ಥಳೀಯ ಸಂಸ್ಥೆಗಳು ಕರ ವಸೂಲಿ ಮಾಡಿ ಗ್ರಂಥಾಲಯ ಇಲಾಖೆಗೆ ದಾಟಿಸುವುದರಲ್ಲಿ ಬಾಕಿ ಉಳಿಸಿಕೊಳ್ಳುತ್ತವೆ ಅನ್ನೋ ದೂರು ದಶಕಗಳಿಂದ ಇದೆ. ಆ ಬಾಕಿ ತಪ್ಪಿಸೋದಕ್ಕೆ ದೊಡ್ಡ ತಂತ್ರಜ್ಞಾನವೇನೂ ಬೇಡ. ಆಸ್ತಿ ತೆರಿಗೆ ಈಗ ಆನ್‌ಲೈನ್‌ನಲ್ಲಿ ಕಟ್ಟುತ್ತೇವೆ. ಪಾವತಿಯಾದ ಕ್ಷಣದಲ್ಲೇ ಆ ಶೇ 6ನ್ನು ಬೇರೆ ಖಾತೆಗೆ ಕಳಿಸುವುದು ಪೇಮೆಂಟ್ ಗೇಟ್‌ವೇಯಲ್ಲಿ ಒಂದು ಸೆಟ್ಟಿಂಗ್ ಅಷ್ಟೇ. ಗ್ರಂಥಾಲಯದ ಹಣಕ್ಕೆ ಇದನ್ನು ಮೊದಲು ಮಾಡಿ ತೋರಿಸಲಿ. ಆಮೇಲೆ ಅದೇ ಚಲನ್‌ನಲ್ಲಿ ಊರಿನ ರಂಗಮಂದಿರಕ್ಕೆ ಅರ್ಧ ಪರ್ಸೆಂಟ್ ಕೇಳಿದರೆ, ನಾನಂತೂ ಕೊಡೋದಕ್ಕೆ ತಯಾರು.