ಮಕ್ಕಳು ಕಡಿಮೆಯಾದರೆ ಶಾಲೆ ಸೋತಂತೆಯೇ?

ಸಣ್ಣ ಹಳ್ಳಿಯ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಹದಿನೈದೋ ಇಪ್ಪತ್ತೋ ಮಕ್ಕಳಷ್ಟೇ ಉಳಿದಿದ್ದಾರೆ ಎಂದರೆ, ಅಲ್ಲಿ ಪಾಠ ಸರಿಯಿಲ್ಲ ಎಂದು ಜನ ತೀರ್ಮಾನಿಸಿಬಿಡುತ್ತಾರೆ. ದಾಖಲಾತಿಗೂ ಕಲಿಕೆಗೂ ಅಷ್ಟು ನೇರವಾದ ನಂಟಿಲ್ಲ. ಗ್ರಾಮೀಣ ಭಾರತದ ಮನೆಗಳಿಗೇ ಹೋಗಿ ಮಕ್ಕಳ ಓದನ್ನು ಅಳೆಯುವ ಅಸರ್ ಸಮೀಕ್ಷೆ ನೋಡಿ. 6ರಿಂದ 14 ವರ್ಷದವರಲ್ಲಿ ಸರ್ಕಾರಿ ಶಾಲೆಯಲ್ಲಿದ್ದವರು 2018ರಲ್ಲಿ ಶೇ. 65.6, ಕೋವಿಡ್ ನಂತರ, 2022ರಲ್ಲಿ ಶೇ. 72.9, 2024ರಲ್ಲಿ ಮತ್ತೆ ಶೇ. 66.8. ಸರ್ಕಾರಿ ಶಾಲೆಯ ಮೂರನೇ ತರಗತಿಯವರಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲವರು ಇದೇ ವರ್ಷಗಳಲ್ಲಿ ಕ್ರಮವಾಗಿ ಶೇ. 20.9, 16.3 ಮತ್ತು 23.4. ಮಕ್ಕಳು ಹೆಚ್ಚಿದಾಗ ಓದು ಕುಸಿಯಿತು, ಕಡಿಮೆಯಾದಾಗ ಚೇತರಿಸಿತು. ಶಾಲೆಗಳು ಮುಚ್ಚಿದ್ದ ಕಾಲದ ಪೆಟ್ಟು ಇದರಲ್ಲಿದೆ, ನಿಜ. ಆದರೆ ದಾಖಲಾತಿಯನ್ನೇ ಗುಣಮಟ್ಟದ ಅಳತೆಗೋಲು ಮಾಡಿಕೊಂಡವರಿಗೆ ಈ ಅಂಕಿಗಳು ಆಸರೆಯಾಗುವುದಿಲ್ಲ. ಈ ಓದಿನ ಮಟ್ಟ ಹೆಮ್ಮೆಪಡುವಂಥದ್ದಲ್ಲ ಎಂಬುದು ಬೇರೆ ಮಾತು.

ಹಾಗಾದರೆ ಮಕ್ಕಳು ಎಲ್ಲಿ ಹೋದರು? ಮೊದಲನೆಯದಾಗಿ, ಹುಟ್ಟುವವರೇ ಕಡಿಮೆ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಇದ್ದವರಲ್ಲೂ ಹಲವರನ್ನು ಖಾಸಗಿ ಶಾಲೆಯ ವ್ಯಾನು ನಾಲ್ಕು ವರ್ಷಕ್ಕೇ ಎಲ್‌ಕೆಜಿಗೆ ಕರೆದೊಯ್ಯುತ್ತದೆ. ಬಹುಪಾಲು ಸರ್ಕಾರಿ ಶಾಲೆಗಳ ಬಾಗಿಲು ತೆರೆಯುವುದೇ ಒಂದನೇ ತರಗತಿಗೆ. ಅಷ್ಟು ಹೊತ್ತಿಗೆ ಇಂಗ್ಲಿಷ್ ಮಾಧ್ಯಮಕ್ಕೆ ಒಗ್ಗಿದ ಮಗುವನ್ನು ಯಾರೂ ವಾಪಸು ತರುವುದಿಲ್ಲ. ಪೋಷಕರು ಮೋಸಹೋಗುತ್ತಿದ್ದಾರೆ ಎನ್ನುವುದು ಅವರಿಗೆ ಮಾಡುವ ಅನ್ಯಾಯ. ಸರ್ಕಾರ ಕೊಡದೇ ಇದ್ದುದನ್ನು ಅವರು ದುಡ್ಡು ಕೊಟ್ಟು ಕೊಳ್ಳುತ್ತಿದ್ದಾರೆ. ನಿಜವಾದ ಹಾನಿ ಆಗುವುದು ಆಮೇಲೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳವರೆಗೂ ಇಬ್ಬರು ಶಿಕ್ಷಕರು. ಅಂದರೆ ನಿಯಮ ಪೂರ್ತಿ ಪಾಲನೆಯಾದರೂ ಐದು ತರಗತಿಗೆ ಇಬ್ಬರೇ. ಒಬ್ಬರು ತರಬೇತಿಗೋ ಚುನಾವಣಾ ಕೆಲಸಕ್ಕೋ ಹೋದರೆ ಅಂದು ಅದು ಏಕೋಪಾಧ್ಯಾಯ ಶಾಲೆ. ಅದನ್ನು ಕಂಡು ಇನ್ನೆರಡು ಮನೆಯವರು ಮಕ್ಕಳನ್ನು ಬಿಡಿಸುತ್ತಾರೆ.

ಇಷ್ಟು ಮಕ್ಕಳಿಗೆ ಇಷ್ಟು ಸಂಬಳ ಯಾಕೆ, ದೊಡ್ಡ ಶಾಲೆಗೆ ವಿಲೀನ ಮಾಡಿ ಎನ್ನುವವರಿದ್ದಾರೆ. ಅದು ತಳ್ಳಿಹಾಕುವ ವಾದವಲ್ಲ. ಓರಗೆಯವರಿಲ್ಲದೆ ಒಂಟಿಯಾಗಿ ಕಲಿಯುವ ಮಗುವಿಗೆ ದೊಡ್ಡ ಶಾಲೆಯಿಂದ ಲಾಭವಿದೆ. ಆದರೆ ಮಲೆನಾಡಿನ ಮಳೆಗಾಲದಲ್ಲಿ ಆರು ವರ್ಷದ ಮಗು ಹಳ್ಳ ದಾಟಿ ಹೋಗಬೇಕು; ವಾಹನ ಒಂದು ವರ್ಷ ಬಂದು ಮರುವರ್ಷ ನಿಂತರೆ ಮೊದಲು ಮನೆಯಲ್ಲಿ ಉಳಿಯುವವಳು ಹುಡುಗಿ. ಇನ್ನು, ಹಲವು ತರಗತಿಯವರನ್ನು ಒಟ್ಟಿಗೆ ಕೂರಿಸಿದರೆ ಕಲಿಕೆ ಆಗದು ಎಂಬ ಮಾತಿಗೆ ಕರ್ನಾಟಕದಲ್ಲೇ ಉತ್ತರವಿದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾದ ನಲಿ-ಕಲಿ ಬಹುತರಗತಿ ಕೋಣೆಯನ್ನು ಒಪ್ಪಿಕೊಂಡೇ ರೂಪುಗೊಂಡ ಪದ್ಧತಿ. ಆದರೆ ಅದರ ಕಲಿಕಾ ಕಾರ್ಡುಗಳ ಜೊತೆಗೆ ಮಗುವಿನ ಪಕ್ಕ ಕೂರುವ ಶಿಕ್ಷಕರು ಬೇಕು, ಪ್ರತಿದಿನವೂ. ಮಕ್ಕಳ ಸಂಖ್ಯೆ ಆಧರಿಸಿ ಶಿಕ್ಷಕರನ್ನು ಕೊಡುವ ಲೆಕ್ಕವನ್ನು ಬಿಟ್ಟು, ಸಣ್ಣ ಊರುಗಳಿಗೆ ತರಗತಿಯ ಲೆಕ್ಕದಲ್ಲಿ ಕೊಡಬೇಕು. ಮುಂದಿನ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸಭೆಯಲ್ಲಿ ಎಷ್ಟು ಮಕ್ಕಳು ಸೇರಿದರು ಎಂದು ಕೇಳುವ ಮೊದಲು, ಕಳೆದ ತಿಂಗಳು ಇಬ್ಬರೂ ಶಿಕ್ಷಕರು ಶಾಲೆಯಲ್ಲಿದ್ದ ದಿನಗಳೆಷ್ಟು ಎಂದು ಕೇಳಿ.