ಮನೆಕೂಟ ನಡೆಸುವವರಿಗೂ ಬಿಡುವು ಬೇಕು

ತುಮಕೂರಿನ ಬಡಾವಣೆಗಳಲ್ಲಿ, ಗುಬ್ಬಿ ಮತ್ತು ಕುಣಿಗಲ್ ಪೇಟೆಗಳಲ್ಲಿ ವಾರಕ್ಕೊಂದು ಸಂಜೆ ಯಾರದಾದರೂ ನಡುಮನೆಯಲ್ಲಿ ಚಾಪೆ ಹಾಸಿ ಹತ್ತು ಹನ್ನೆರಡು ಜನ ಕ್ರೈಸ್ತರು ಕೂಡುತ್ತಾರೆ. ಎರಡು ಕೀರ್ತನೆ, ಸತ್ಯವೇದದ ಒಂದು ಭಾಗ, ಕಷ್ಟಸುಖದ ಮಾತು, ಪ್ರಾರ್ಥನೆ, ಕೊನೆಗೆ ಟೀ. ಬರುವವರಿಗೆ ಇದು ಒಂದೂವರೆ ಗಂಟೆಯ ಕೂಟ. ನಡೆಸುವವರಿಗೆ ವಾರವಿಡೀ ಮುಗಿಯದ ಕೆಲಸ.

ಮುಂದಾಳಿನ ವಾರ ಹೀಗಿರುತ್ತದೆ. ಬೆಳಿಗ್ಗೆ ಡ್ಯೂಟಿ. ಮಧ್ಯಾಹ್ನ ಊಟದ ಬಿಡುವಿನಲ್ಲಿ, ‘ಅಣ್ಣ, ಅಮ್ಮನ್ನ ಆಸ್ಪತ್ರೆಗೆ ಸೇರಿಸಿದ್ದೀವಿ, ಬರ್ತೀರಾ?’ ಎಂಬ ಫೋನು. ಸಂಜೆ ಆಸ್ಪತ್ರೆ, ಅಲ್ಲಿಂದ ಗಂಡ ಹೆಂಡತಿ ಮಾತು ಬಿಟ್ಟಿರುವ ಇನ್ನೊಂದು ಮನೆ. ರಾತ್ರಿ ಹನ್ನೊಂದಕ್ಕೆ ವಾಟ್ಸ್ಆ್ಯಪ್‌ನಲ್ಲಿ ಇನ್ನೂ ಮೂರು ಪ್ರಾರ್ಥನಾ ವಿನಂತಿ. ಭಾನುವಾರವಾದರೂ ಬಿಡುವು ಸಿಗುತ್ತದೆಯೇ ಎಂದರೆ ಅಂದು ಆರಾಧನೆ, ಭಾನುವಾರದ ಶಾಲೆ, ಕಮಿಟಿ ಮೀಟಿಂಗು. ಇಂಥವರು ಒಂದು ದಿನ ಯಾರಿಗೂ ಹೇಳದೆ ಕೂಟ ನಿಲ್ಲಿಸಿಬಿಟ್ಟಾಗ ಜನ ‘ಭಕ್ತಿ ತಣ್ಣಗಾಯಿತು’ ಎನ್ನುತ್ತಾರೆ. ಬಹಳ ಸಲ ತಣ್ಣಗಾದದ್ದು ಭಕ್ತಿಯಲ್ಲ, ಮೈಯಲ್ಲಿ ಕಸುವು ಉಳಿದಿರುವುದಿಲ್ಲ.

ಈ ಬಗೆಯ ಕೂಟದ ಒಂದು ಬೇರು 1742ರ ಬ್ರಿಸ್ಟಲ್ ನಗರದಲ್ಲಿದೆ. ಮೆಥಡಿಸ್ಟರ ಪ್ರಾರ್ಥನಾಲಯದ ಸಾಲ ತೀರಿಸಬೇಕಿತ್ತು. ಹನ್ನೆರಡು ಜನರಿಗೊಬ್ಬ ಮುಂದಾಳು ಮನೆಮನೆಗೆ ಹೋಗಿ ವಾರಕ್ಕೊಂದು ಪೆನ್ನಿ ಸಂಗ್ರಹಿಸುವುದೆಂದು ಗೊತ್ತಾಯಿತು. ಹಣದ ಜೊತೆಗೆ ಆ ಮನೆಗಳ ಸಂಕಟಗಳೂ ತಿಳಿದುಬಂದವು. ಆದರೆ ಪ್ರತಿ ಮನೆ ಸುತ್ತಲು ಮುಂದಾಳುಗಳಿಗೆ ಸಮಯ ಸಾಲದೆ ಹೋದಾಗ ಎಲ್ಲರನ್ನೂ ಒಂದೇ ಕಡೆ ಸೇರಿಸಲು ಶುರುಮಾಡಿದರು. ಅಂದರೆ ಕೂಟ ಒಂದೆಡೆ ಸೇರತೊಡಗಿದ್ದೇ ಮುಂದಾಳಿನ ಭಾರ ಇಳಿಸಲು. ಈಗ ನಾವು ಕೂಟವನ್ನೂ ಇಟ್ಟುಕೊಂಡು ಮನೆ ಸುತ್ತುವುದನ್ನೂ ಅದೇ ಒಬ್ಬರ ತಲೆಗೆ ಕಟ್ಟಿದ್ದೇವೆ.

ಆ ವೆಸ್ಲಿಯನ್ ಮೆಥಡಿಸ್ಟರೇ 1837ರಲ್ಲಿ ಗುಬ್ಬಿಗೆ ಬಂದರು. ಥಾಮಸ್ ಹಾಡ್ಸನ್ ಅಲ್ಲಿ ಮಿಷನ್ ಕೆಲಸ ಆರಂಭಿಸಿದರು. 1839ರಲ್ಲಿ ಇಂಡಿಯಾಕ್ಕೆ ಬಂದ ತರುಣ ವಿಲಿಯಂ ಆರ್ಥರ್ ಕನ್ನಡ ಕಲಿತು ಗುಬ್ಬಿಯಲ್ಲಿ ದುಡಿದರು. ಆರೋಗ್ಯ ಕೆಟ್ಟು 1841ರಲ್ಲೇ ಊರಿಗೆ ಮರಳಬೇಕಾಯಿತು. ಸೋತು ಹೋದರು ಎಂದು ಅಂದು ಯಾರಿಗಾದರೂ ಅನ್ನಿಸಿದ್ದೀತು. 1847ರಲ್ಲಿ ಮೈಸೂರು ಸೀಮೆಯ ಮಿಷನ್ ಕುರಿತು ಅವರ ಪುಸ್ತಕ ಬಂತು, ಮುಂದೆ ಅವರು ಮಿಷನ್ ಸೊಸೈಟಿಯ ಕಾರ್ಯದರ್ಶಿಯಾದರು, 1866ರಲ್ಲಿ ಮೆಥಡಿಸ್ಟ್ ಕಾನ್ಫರೆನ್ಸಿನ ಅಧ್ಯಕ್ಷರಾದರು. ಅವರು ತೀರಿಕೊಂಡದ್ದು 1901ರಲ್ಲಿ. ಗುಬ್ಬಿಯಿಂದ ಹಿಂದಕ್ಕೆ ಹೊರಟವರ ಮುಂದೆ ಇನ್ನೂ ಅರುವತ್ತು ವರ್ಷಗಳ ಆಯುಸ್ಸಿತ್ತು!

1947ರಲ್ಲಿ ಮೆಥಡಿಸ್ಟರೂ ಸೇರಿ ದಕ್ಷಿಣ ಇಂಡಿಯಾ ಸಭೆ ಆಯಿತು. ತುಮಕೂರು ಜಿಲ್ಲೆ ಈಗ ಅದರ ಕರ್ನಾಟಕ ಮಧ್ಯ ಸಭಾಪ್ರಾಂತ್ಯಕ್ಕೆ ಸೇರಿದೆ. ಅಲ್ಲಿ ಅಯ್ಯನವರಿಗೆ ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ ಉಂಟು. ಮನೆಕೂಟದ ಮುಂದಾಳಿಗೆ ವರ್ಗಾವಣೆಯೂ ಇಲ್ಲ, ನಿವೃತ್ತಿಯೂ ಇಲ್ಲ. ಆದ್ದರಿಂದ ಅವರ ಬಿಡುವನ್ನು ಕೂಟವೇ ಗೊತ್ತುಮಾಡಬೇಕು.

ಮೊದಲ ಕೆಲಸ ಕ್ಯಾಲೆಂಡರಿನದು. ವರ್ಷದ ಆರಂಭದಲ್ಲೇ ಕೂಟವಿಲ್ಲದ ವಾರಗಳನ್ನು ಗುರುತು ಹಾಕಿ, ಎಲ್ಲರ ಮುಂದೆ ಓದಿ ಹೇಳಿ. ಡಿಸೆಂಬರಿನ ಕ್ಯಾರಲ್ ಸುತ್ತಾಟ, ಹೊಸ ವರ್ಷದ ಆರಾಧನೆ ಮುಗಿದ ಮೇಲೆ ಎರಡು ವಾರ. ಶ್ರಮೆಯ ದಿನಗಳ ಸರಣಿ ಕೂಟಗಳಾದ ಮೇಲೆ, ಈಸ್ಟರ್ ಕಳೆದು ಎರಡು ವಾರ. ಗುಬ್ಬಿ, ಕುಣಿಗಲ್ ಸುತ್ತಿನ ಹಳ್ಳಿಗಳಲ್ಲಿ ನವೆಂಬರ್, ಡಿಸೆಂಬರಿನಲ್ಲಿ ರಾಗಿ ಕೊಯ್ಲು, ಒಕ್ಕಣೆ ಇರುತ್ತದೆ. ದಿನವೆಲ್ಲ ಹೊಲದಲ್ಲಿ ಬಗ್ಗಿದವರನ್ನು ರಾತ್ರಿ ಎಂಟಕ್ಕೆ ಚಾಪೆಯ ಮೇಲೆ ಕೂರಿಸುವುದು ನನಗೆ ಸರಿ ಕಾಣುವುದಿಲ್ಲ. ಜನ ಬಿಟ್ಟುಹೋದಾರು ಎಂಬ ಅಂಜಿಕೆ ಸಹಜ. ಮೊದಲೇ ಹೇಳಿ ಕೊಟ್ಟ ರಜೆಯಿಂದ ಕೂಟ ಒಡೆಯುವುದಿಲ್ಲ. ಹೇಳದೆ ಕೇಳದೆ ಕೂಟ ತಪ್ಪಿದರೆ ಒಡೆಯುತ್ತದೆ. ಏಳನೇ ವರ್ಷ ಹೊಲವನ್ನು ಉಳದೆ ಬಿಡಬೇಕೆಂಬ ಕಟ್ಟಳೆ ಯಾಜಕಕಾಂಡದ 25ನೇ ಅಧ್ಯಾಯದಲ್ಲಿದೆ. ಮಣ್ಣಿಗೆ ಸಿಕ್ಕಿದ ರಜೆ ಮನುಷ್ಯರಿಗೂ ಸಿಗಲಿ.

ಎರಡನೆಯದು ಭಾರ ಹಂಚುವುದು. ಬೆಳಗಿನಿಂದ ಸಂಜೆವರೆಗೆ ಒಬ್ಬನೇ ಕೂತು ಜನರ ವ್ಯಾಜ್ಯ ಕೇಳುತ್ತಿದ್ದ ಮೋಶೆಗೆ ಮಾವ ಇತ್ರೋ, ಹತ್ತು ಜನರಿಗೊಬ್ಬರನ್ನು ನೇಮಿಸೆಂದು ಬುದ್ಧಿ ಹೇಳಿದ ಕಥೆ ಎಲ್ಲರಿಗೂ ಗೊತ್ತು. ನಮ್ಮಲ್ಲಿ ಹತ್ತು ಜನರಿಗೊಬ್ಬರಿದ್ದಾರೆ. ಆ ಒಬ್ಬರಿಗೆ ಜೊತೆಯಿಲ್ಲ. ಪ್ರತಿ ಕೂಟಕ್ಕೂ ಇಬ್ಬರು ಇರಲಿ, ಮೂರು ತಿಂಗಳಿಗೊಮ್ಮೆ ಹೊಣೆ ಬದಲಾಗಲಿ. ಬಿಡುವಿನಲ್ಲಿರುವವರು ಹಿಂದಿನ ಸಾಲಿನಲ್ಲಿ ಕೂತು ಹಾಡಲಿ, ಅಷ್ಟು ಸಾಕು. ಅವರ ಸರದಿ ಬರುವತನಕ ಆಸ್ಪತ್ರೆಯ ಫೋನು ಇನ್ನೊಬ್ಬರಿಗೆ ಹೋಗಬೇಕು. ಆ ನಂಬರನ್ನು ಗುಂಪಿನಲ್ಲಿ ಹಾಕದಿದ್ದರೆ ಹಳೆಯ ನಂಬರಿಗೇ ಕರೆ ಬರುತ್ತದೆ, ಬಿಡುವು ಹೆಸರಿಗಷ್ಟೇ ಉಳಿಯುತ್ತದೆ.

ಮನೆ ಕೊಡುವವರ ದಣಿವಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ಗಾರ್ಮೆಂಟ್ಸ್‌ನಿಂದ ಆರೂವರೆಗೆ ಬಂದ ಅಕ್ಕ ಏಳಕ್ಕೆ ಕಸ ಗುಡಿಸಿ, ಮಕ್ಕಳನ್ನು ಒಳಕೋಣೆಗೆ ಕಳಿಸಿ, ಉಪ್ಪಿಟ್ಟಿಗೆ ರವೆ ಹುರಿಯುತ್ತಾ ಅಡುಗೆಮನೆಯಿಂದಲೇ ವಾಕ್ಯ ಕೇಳಿಸಿಕೊಳ್ಳುತ್ತಾಳೆ. ಕೂಟ ಅವಳ ಮನೆಯಲ್ಲೇ ನಡೆದರೂ ಅವಳಿಗೆ ಮಾತ್ರ ಕೂಟ ಸಿಕ್ಕಿರುವುದಿಲ್ಲ. ಇದಕ್ಕೆ ಮದ್ದು ಸುಲಭ: ತಿಂಡಿ ನಿಲ್ಲಿಸಿ. ಟೀ ಸಾಕು, ಅದನ್ನೂ ಬಂದವರೇ ಮಾಡಿ ಲೋಟ ತೊಳೆದಿಟ್ಟು ಹೋಗಲಿ. ತಿಂಗಳಿಗೊಮ್ಮೆ ಮನೆ ಬದಲಾಗಲಿ.

ರಿಟ್ರೀಟ್ ಎಂದೊಡನೆ ಬಸ್ಸು, ಬ್ಯಾನರು, ನಾಲ್ಕು ಪ್ರಸಂಗ ಎಂದುಕೊಳ್ಳುತ್ತೇವೆ. ಅಂಥದನ್ನು ಏರ್ಪಡಿಸಿದವರು ಇನ್ನಷ್ಟು ದಣಿದು ಬರುತ್ತಾರೆ. ಮುಂದಾಳುಗಳಿಗೆ ಬೇಕಾದದ್ದು ಪ್ರಸಂಗವಿಲ್ಲದ ದಿನ. ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ 1963ರಲ್ಲಿ ಆರಂಭವಾದ ಎಕ್ಯುಮೆನಿಕಲ್ ಕ್ರಿಶ್ಚಿಯನ್ ಸೆಂಟರಿನಂಥ ಜಾಗಗಳಿವೆ. ಖರ್ಚು ಹೆಚ್ಚೆನಿಸಿದರೆ ದೇವರಾಯನದುರ್ಗದ ಕಾಡಿನ ಅಂಚಿನಲ್ಲಿ, ನಾಮದ ಚಿಲುಮೆಯ ಕಡೆ ಅರ್ಧ ದಿನ ಕಳೆದು ಬರಬಹುದು. ಫೋನ್ ಆಫ್, ಬುತ್ತಿ ಕೈಯಲ್ಲಿ, ನಿದ್ದೆ ಬಂದರೆ ನಿದ್ದೆ. ಸಾವನ್ನೇ ಬೇಡಿಕೊಂಡ ಪ್ರವಾದಿ ಎಲೀಯನಿಗೆ ದೂತನು ಮೊದಲು ಕೊಟ್ಟದ್ದು ರೊಟ್ಟಿ ಮತ್ತು ನೀರು. ಅದನ್ನು ತಿಂದು ಅವನು ಮತ್ತೆ ಮಲಗಿದ. ‘ಇಲ್ಲೇಕೆ ಬಂದೆ’ ಎಂಬ ಪ್ರಶ್ನೆ ಬಂದದ್ದು ಬಹಳ ದಿನಗಳ ಮೇಲೆ.

ಒಂದು ಎಚ್ಚರಿಕೆ. ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ ಬಾರದೆ, ಯಾವುದರಲ್ಲೂ ಮನಸ್ಸಿಲ್ಲದೆ, ಕಾರಣವಿಲ್ಲದೆ ಅಳು ಬರುತ್ತಿದ್ದರೆ ಅದಕ್ಕೆ ರಜೆಯೊಂದೇ ಸಾಲದು, ಉಪವಾಸ ಪ್ರಾರ್ಥನೆಯೊಂದೇ ಸಾಲದು. ವೈದ್ಯರನ್ನು ಕಾಣಬೇಕು. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ಕರೆಗೆ ದುಡ್ಡಿಲ್ಲ.

ಮುಂದಾಳುಗಳು ತಾವಾಗಿಯೇ ರಜೆ ಕೇಳುವುದಿಲ್ಲ. ಆದ್ದರಿಂದ ಈ ಮಾತು ಕೂಟಕ್ಕೆ ಬಂದು ಚಾಪೆಯ ಮೇಲೆ ಕೂರುವವರಿಗೆ: ಈ ವಾರ ಪ್ರಾರ್ಥನಾ ವಿನಂತಿ ಹೇಳುವ ಮೊದಲು, ನಿಮಗಾಗಿ ಪ್ರಾರ್ಥಿಸುವವರು ಕೊನೆಯ ಸಲ ಬಿಡುವು ಪಡೆದದ್ದು ಯಾವಾಗ ಎಂದು ಕೇಳಿ, ಮುಂದಿನ ತಿಂಗಳ ಕೂಟವನ್ನು ನೀವೇ ವಹಿಸಿಕೊಳ್ಳಿ.