ತೀರಿಹೋದ ಉದ್ಯಮ, ಉಳಿದ ಗಿರಾಕಿ
ಕಟ್ಟಿಗೆಯ ದೋಣಿ ಕೂಟಗಳಿಂದ ಕಲಘಟಗಿಯ ತೊಟ್ಟಿಲಿಗೆ ಒಂದು ಪಾಠ

ವರ್ತಕನ ಖಾತೆಪುಸ್ತಕದಲ್ಲಿ ಗಿರಾಕಿಯ ಹೆಸರು ಉಳಿಯುವುದು ಉದ್ರಿ ಇದ್ದಾಗ ಮಾತ್ರ. ನಗದು ಕೊಟ್ಟು ಸರಕು ಒಯ್ದವನ ಹೆಸರನ್ನು ಬರೆದಿಡುವ ರೂಢಿ ಕಡಿಮೆ. ದಿನಬಳಕೆಯ ಸರಕಿಗೆ ಇದರಿಂದ ದೊಡ್ಡ ಹಾನಿಯಿಲ್ಲ. ಆ ಗಿರಾಕಿ ಮುಂದಿನ ವಾರ ತಾನೇ ಬರುತ್ತಾನೆ. ಆದರೆ ಎರಡು ಮೂರು ತಲೆಮಾರು ಬಾಳುವ ಕೈಕೆಲಸದ ವಸ್ತುವನ್ನು ಮಾರುವವನಿಗೆ ಈ ರೂಢಿಯಿಂದ ನಷ್ಟವುಂಟು. ವಸ್ತು ಬಾಳಿದಷ್ಟು ಕಾಲ ಗಿರಾಕಿ ಮರಳಿ ಬರುವುದಿಲ್ಲ. ಅವನು ಎಲ್ಲಿದ್ದಾನೆಂಬುದೂ ತಿಳಿಯುವುದಿಲ್ಲ. ಇಂತಹ ಕಸುಬುಗಳಿಗೆ ಬಳಕೆದಾರರ ಕೂಟಗಳು ಹೇಗೆ ನೆರವಾಗಬಲ್ಲವು ಎಂಬುದಕ್ಕೆ ಉತ್ತರ ಅಮೆರಿಕದ ಕಟ್ಟಿಗೆಯ ದೋಣಿ ಪ್ರಿಯರ ಸಂಘಟನೆ ಉತ್ತಮ ನಿದರ್ಶನ. ಧಾರವಾಡ ಜಿಲ್ಲೆಯ ಗ್ರಾಮೀಣ ಕಸುಬುಗಳಿಗೆ, ವಿಶೇಷವಾಗಿ ಕಲಘಟಗಿಯ ತೊಟ್ಟಿಲಿಗೆ, ಆ ನಿದರ್ಶನ ಅನ್ವಯಿಸುವ ಬಗೆಯನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ದೋಣಿಯ ಹಿನ್ನೆಲೆ

ನಮ್ಮ ನಾಡಿಗೆ ಪರಿಚಿತವಾದ ಹರಿಗೋಲು ಬಿದಿರಿನ ಬುಟ್ಟಿಗೆ ಹೊರಗಿನಿಂದ ಹೊದಿಕೆ ಹಾಕಿದ ದೋಣಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ತುಂಗಭದ್ರೆಯನ್ನು ಇಂತಹ ಚರ್ಮದ ಹೊದಿಕೆಯ ಬುಟ್ಟಿದೋಣಿಗಳಲ್ಲಿ ದಾಟುತ್ತಿದ್ದುದನ್ನು ದಾಖಲಿಸಿದ್ದಾನೆ. ಉತ್ತರ ಅಮೆರಿಕದ ‘ಕನೂ’ ಆಕಾರದಲ್ಲಿ ಬೇರೆ. ಎರಡೂ ತುದಿ ಚೂಪಾದ, ಹಗುರವಾದ, ಕೈಯಲ್ಲಿ ಹಿಡಿದ ಹುಟ್ಟಿನಿಂದ ನಡೆಸುವ ಕಿರುದೋಣಿ ಅದು. ಆದರೆ ಒಳಗೆ ಹಗುರವಾದ ಚೌಕಟ್ಟು, ಹೊರಗೆ ನೀರು ತಡೆಯುವ ಹೊದಿಕೆ ಎಂಬ ತತ್ತ್ವ ಎರಡಕ್ಕೂ ಒಂದೇ. ಅಲ್ಲಿನ ಮೂಲನಿವಾಸಿಗಳು ಭೂರ್ಜವೃಕ್ಷದ ತೊಗಟೆಯನ್ನು ಹೊದಿಕೆಯಾಗಿ ಬಳಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ಮೇನ್ ರಾಜ್ಯದ ಬಡಿಗರು ತೊಗಟೆಯ ಬದಲು ಕ್ಯಾನ್ವಾಸ್ ಬಟ್ಟೆಯನ್ನು ಬಳಕೆಗೆ ತಂದರು. ಸೀಡರ್ ಮರದ ಪಟ್ಟಿಗಳನ್ನು ಹಬೆಯಲ್ಲಿ ಮೆದುಗೊಳಿಸಿ, ಅಚ್ಚಿನ ಮೇಲೆ ಬಗ್ಗಿಸಿ, ಅವುಗಳ ಮೇಲೆ ತೆಳುಹಲಗೆಗಳನ್ನು ಸಣ್ಣ ಮೊಳೆಗಳಿಂದ ಬಡಿದು, ಕ್ಯಾನ್ವಾಸನ್ನು ಬಿಗಿದು, ಅದರ ನೂಲಿನ ಸಂದುಗಳನ್ನು ಲೇಪದಿಂದ ತುಂಬಿ ಬಣ್ಣ ಬಳಿಯುವ ಈ ಪದ್ಧತಿ ಹಲವು ಕಾರ್ಖಾನೆಗಳಿಗೆ ಆಧಾರವಾಯಿತು.

ಎರಡನೆಯ ಮಹಾಯುದ್ಧದ ಬಳಿಕ ಪರಿಸ್ಥಿತಿ ಬದಲಾಯಿತು. ವಿಮಾನ ತಯಾರಿಸುತ್ತಿದ್ದ ಗ್ರಮ್ಮನ್ ಕಂಪನಿ ಅಲ್ಯುಮಿನಿಯಂ ದೋಣಿಗಳನ್ನು ಮಾರುಕಟ್ಟೆಗೆ ತಂದಿತು. ತರುವಾಯ ಫೈಬರ್‌ಗ್ಲಾಸ್, ಅನಂತರ ಪ್ಲಾಸ್ಟಿಕ್ ಬಂದವು. ಬೆಲೆಯಲ್ಲಿ ಮತ್ತು ನಿರ್ವಹಣೆಯಲ್ಲಿ ಕಟ್ಟಿಗೆಯ ದೋಣಿ ಇವುಗಳೊಡನೆ ಸ್ಪರ್ಧಿಸಲಾರದಾಯಿತು. ಕೆನಡಾದ ಹೆಸರಾಂತ ಪೀಟರ್‌ಬರೋ ಕನೂ ಕಂಪನಿ 1960ರ ದಶಕದ ಆರಂಭದಲ್ಲಿ ಮುಚ್ಚಿತು. ಚೆಸ್ಟ್‌ನಟ್ ಕಂಪನಿ 1970ರ ದಶಕದ ಅಂತ್ಯದಲ್ಲಿ ಅದೇ ದಾರಿ ಹಿಡಿಯಿತು. ಉಕ್ಕಿನ ತೊಟ್ಟಿಲು, ಪ್ಲಾಸ್ಟಿಕ್ ಚಾಪೆ, ಅಲ್ಯುಮಿನಿಯಂ ಪಾತ್ರೆಗಳ ಎದುರು ನಮ್ಮ ಕಸುಬುಗಳು ಕಂಡ ಸ್ಥಿತಿಯೂ ಇದೇ.

ಕೂಟಗಳು ನಡೆಯುವ ಬಗೆ

ಕಾರ್ಖಾನೆಗಳು ಮುಚ್ಚುತ್ತಿದ್ದ ಆ ಕಾಲದಲ್ಲಿಯೇ, 1979ರಲ್ಲಿ, ‘ವುಡನ್ ಕನೂ ಹೆರಿಟೇಜ್ ಅಸೋಸಿಯೇಷನ್’ ಎಂಬ ಲಾಭೋದ್ದೇಶವಿಲ್ಲದ ಸಂಸ್ಥೆ ಅಮೆರಿಕದಲ್ಲಿ ಸ್ಥಾಪನೆಯಾಯಿತು. ಕಟ್ಟಿಗೆಯ ದೋಣಿಗಳ ಒಡೆಯರು, ಕಟ್ಟುವವರು, ದುರಸ್ತಿ ಮಾಡುವವರು, ಇತಿಹಾಸದ ಆಸಕ್ತರು ಇದರ ಸದಸ್ಯರು. ಸಂಸ್ಥೆ ತನ್ನದೇ ನಿಯತಕಾಲಿಕವನ್ನು ಹೊರತರುತ್ತದೆ. ಪ್ರತಿವರ್ಷ ಬೇಸಿಗೆಯಲ್ಲಿ ಹಲವು ದಿನಗಳ ಸಮಾವೇಶವನ್ನು ನಡೆಸುತ್ತದೆ. ಈ ಸಮಾವೇಶವು ಅನೇಕ ವರ್ಷ ನ್ಯೂಯಾರ್ಕ್ ರಾಜ್ಯದ ಪರ್ವತ ಪ್ರದೇಶದಲ್ಲಿ, ಸರೋವರದ ದಂಡೆಯ ಮೇಲಿರುವ ಪಾಲ್ ಸ್ಮಿತ್ಸ್ ಕಾಲೇಜಿನ ಆವರಣದಲ್ಲಿ ಜರುಗಿದೆ. ಸದಸ್ಯರು ತಮ್ಮ ತಮ್ಮ ದೋಣಿಗಳನ್ನು ವಾಹನದ ಮೇಲೆ ಕಟ್ಟಿಕೊಂಡು ಬರುತ್ತಾರೆ. ದೋಣಿಗಳ ಪ್ರದರ್ಶನ, ಪಕ್ಕೆಪಟ್ಟಿ ಬದಲಿಸುವ ಹಾಗೂ ಕ್ಯಾನ್ವಾಸ್ ಬಿಗಿಯುವ ಪ್ರಾತ್ಯಕ್ಷಿಕೆ, ಉಪನ್ಯಾಸ, ಸಾಮಗ್ರಿಗಳ ಮಳಿಗೆ, ಹಳೆಯ ದೋಣಿಗಳ ಮಾರಾಟ ಎಲ್ಲವೂ ಒಂದೇ ಆವರಣದಲ್ಲಿ ನಡೆಯುತ್ತವೆ.

ವಾರ್ಷಿಕ ಸಮಾವೇಶದಷ್ಟೇ ಮುಖ್ಯವಾದದ್ದು ಪ್ರಾದೇಶಿಕ ಶಾಖೆಗಳ ಸಣ್ಣ ವಿಹಾರಗಳು. ಒಂದು ರಜಾದಿನ, ಒಂದು ಶಾಂತವಾದ ಕೆರೆ ಅಥವಾ ಹೊಳೆ, ಕೆಲವು ದೋಣಿಗಳು, ಮನೆಯಿಂದ ತಂದ ಬುತ್ತಿ, ಇಷ್ಟೇ ಸಿದ್ಧತೆ. ಆದರೆ ವ್ಯಾಪಾರದ ದೃಷ್ಟಿಯಿಂದ ಇದರ ಮಹತ್ವ ಹೆಚ್ಚು. ಕೊಟ್ಟಿಗೆಯ ಮಾಡಿಗೆ ತೂಗುಹಾಕಿದ ದೋಣಿಯ ದೋಷ ಯಾರಿಗೂ ಕಾಣುವುದಿಲ್ಲ. ನೀರಿಗೆ ಇಳಿಸಿದಾಗ ಸೋರುವ ಸಂದು, ಬಿರಿದ ಪಟ್ಟಿ, ಸಡಿಲಗೊಂಡ ಮೊಳೆ ಎಲ್ಲವೂ ಒಡೆಯನ ಗಮನಕ್ಕೆ ಬರುತ್ತವೆ. ಪಕ್ಕದಲ್ಲಿಯೇ ಅದನ್ನು ಸರಿಪಡಿಸಬಲ್ಲವನೂ ಇರುತ್ತಾನೆ. ಹೀಗೆ ಬಳಕೆಯಿಂದ ದುರಸ್ತಿಯ ಬೇಡಿಕೆ, ದುರಸ್ತಿಯಿಂದ ಸಾಮಗ್ರಿಯ ಬೇಡಿಕೆ, ಚೆನ್ನಾಗಿ ದುರಸ್ತಿಯಾದ ದೋಣಿಯನ್ನು ನೋಡಿದ ನೆರೆಯವನಿಂದ ಹೊಸ ದೋಣಿಯ ಬೇಡಿಕೆ ಹುಟ್ಟುತ್ತವೆ. ದೊಡ್ಡ ಕಾರ್ಖಾನೆಗಳ ಕಾಲ ಮರಳಲಿಲ್ಲ. ಆದರೆ ಒಬ್ಬಿಬ್ಬರು ಕೆಲಸಗಾರರ ಸಣ್ಣ ಕಾರ್ಯಾಗಾರಗಳು ಬದುಕಲು ಸಾಕಾಗುವಷ್ಟು ಮಾರುಕಟ್ಟೆ ಉಳಿಯಿತು.

ದಾಖಲೆಯ ಬೆಲೆ

ಮೇನ್ ರಾಜ್ಯದ ಓಲ್ಡ್ ಟೌನ್ ಕಂಪನಿಯು ತಾನು ಕಟ್ಟಿದ ಪ್ರತಿಯೊಂದು ದೋಣಿಗೂ ಕ್ರಮಸಂಖ್ಯೆಯನ್ನು ಒತ್ತುತ್ತಿತ್ತು. ಆ ಸಂಖ್ಯೆಗೆ ಪ್ರತ್ಯೇಕ ದಾಖಲೆಯಲ್ಲಿ ದೋಣಿಯ ಉದ್ದ, ದರ್ಜೆ, ಬಳಸಿದ ಮರ, ಬಣ್ಣ, ಕೆಲಸ ನಡೆದ ದಿನಾಂಕಗಳು ಮತ್ತು ದೋಣಿಯನ್ನು ಕಳುಹಿಸಿದ ಊರನ್ನು ಬರೆದಿಡುತ್ತಿದ್ದರು. ಇಪ್ಪತ್ತನೆಯ ಶತಮಾನದ ಆರಂಭದ ಆ ದಾಖಲೆಗಳು ಬಹುಮಟ್ಟಿಗೆ ಉಳಿದಿವೆ. ಅಜ್ಜನ ಕಾಲದ ದೋಣಿಯ ತುದಿಯಲ್ಲಿರುವ ಸಂಖ್ಯೆಯನ್ನು ಓದಿ, ಅದು ಯಾವ ವರ್ಷ ಯಾವ ಬಣ್ಣದಲ್ಲಿ ಎಲ್ಲಿಗೆ ಹೊರಟಿತ್ತೆಂದು ಇಂದಿಗೂ ತಿಳಿಯಬಹುದು. ಅದೇ ರಾಜ್ಯದ ಮಾರಿಸ್ ಎಂಬ ತಯಾರಕನ ಕಾರ್ಖಾನೆ 1920ರ ಹೊತ್ತಿಗೆ ಬೆಂಕಿಗೆ ಆಹುತಿಯಾಯಿತು. ಅವನ ದೋಣಿಗಳ ವಿಷಯದಲ್ಲಿ ಆಸಕ್ತರು ಉಳಿದಿರುವ ಒಂದೊಂದು ದೋಣಿಯನ್ನೂ ಅಳೆದು, ಹೋಲಿಸಿ, ಕಾಲನಿರ್ಣಯ ಮಾಡಬೇಕಾಗಿದೆ.

ಲೆಕ್ಕಪತ್ರವೆಂದರೆ ತೆರಿಗೆ ಇಲಾಖೆಗಾಗಿ ಇಡುವ ಪುಸ್ತಕವೆಂಬ ಭಾವನೆ ಸಣ್ಣ ಉದ್ಯಮಿಗಳಲ್ಲಿದೆ. ತಯಾರಿಕೆಯ ದಾಖಲೆಯು ವಸ್ತುವಿನ ಬೆಲೆಯನ್ನೇ ಹೆಚ್ಚಿಸಬಲ್ಲದೆಂಬುದಕ್ಕೆ ಓಲ್ಡ್ ಟೌನ್ ಸಾಕ್ಷಿ. ದಾಖಲೆಯಿರುವ ದೋಣಿ ಕುಟುಂಬದ ಇತಿಹಾಸವಾಗುತ್ತದೆ. ಕುಟುಂಬದ ಇತಿಹಾಸವನ್ನು ಯಾರೂ ಗುಜರಿಗೆ ಹಾಕುವುದಿಲ್ಲ.

ಕಲಘಟಗಿಯ ತೊಟ್ಟಿಲು

ಹುಬ್ಬಳ್ಳಿ–ಕಾರವಾರ ಮಾರ್ಗದ ಕಲಘಟಗಿಯು ಬಣ್ಣದ ಕಟ್ಟಿಗೆಯ ತೊಟ್ಟಿಲಿಗೆ ಪ್ರಸಿದ್ಧ. ಸಾಗುವಾನಿಯ ಚೌಕಟ್ಟು, ಅದರ ಮೇಲೆ ಬಾಲಕೃಷ್ಣನ ಲೀಲೆ, ರಾಮಾಯಣದ ಪ್ರಸಂಗ ಮುಂತಾದ ಚಿತ್ರಗಳು, ಮೇಲೆ ಅರಗಿನ ಹೊಳಪು. ಇದು ಅದರ ಲಕ್ಷಣ. ಬಡಿಗನ ಕೈ ಮತ್ತು ಚಿತ್ರಗಾರನ ಕೈ ಎರಡೂ ಸೇರಬೇಕಾದ ಕೆಲಸವಾದುದರಿಂದ ಮುಂಗಡ ಹೇಳಿ ಮಾಡಿಸಬೇಕಾಗುತ್ತದೆ. ನಟ ಅಂಬರೀಶ್ ಅವರು 2018ರ ನವೆಂಬರ್‌ನಲ್ಲಿ ನಿಧನರಾಗುವ ಮುನ್ನ ನಟ ಯಶ್ ದಂಪತಿಯ ಮಗುವಿಗೆಂದು ಇಲ್ಲಿಯ ತೊಟ್ಟಿಲನ್ನು ಹೇಳಿಮಾಡಿಸಿದ್ದ ಸುದ್ದಿ ನಾಡಿನಾದ್ಯಂತ ಪ್ರಚಾರ ಪಡೆಯಿತು. ಆದರೆ ಪ್ರಚಾರ ಬೇರೆ, ನಿಂತ ಮಾರುಕಟ್ಟೆ ಬೇರೆ. ಈ ಕಸುಬನ್ನು ಮುಂದುವರಿಸಿರುವ ಕುಟುಂಬಗಳು ಇಂದು ಬೆರಳೆಣಿಕೆಯಷ್ಟು ಮಾತ್ರ.

ಕಸುಬಿನ ತೊಡಕು ಅದರ ಗುಣದಲ್ಲಿಯೇ ಇದೆ. ಒಳ್ಳೆಯ ತೊಟ್ಟಿಲು ಅಜ್ಜಿಯಿಂದ ಮೊಮ್ಮಗನವರೆಗೆ ಬಾಳುತ್ತದೆ. ಒಂದು ಮನೆಯ ತೊಟ್ಟಿಲು ಬೀಗರ ಮನೆಗೂ ನೆರೆಮನೆಗೂ ಹೋಗಿ ಬರುತ್ತದೆ. ಕೂಸು ದೊಡ್ಡದಾದ ಮೇಲೆ ಅಟ್ಟ ಸೇರುತ್ತದೆ. ಅಲ್ಲಿ ಬಣ್ಣ ಮಾಸಿದರೂ ಕೊಂಡಿ ಸಡಿಲಾದರೂ ಕೇಳುವವರಿಲ್ಲ. ಅಟ್ಟದ ಮೇಲಿನ ತೊಟ್ಟಿಲು ಕೊಟ್ಟಿಗೆಯ ಮಾಡಿನ ದೋಣಿಯಂತೆಯೇ. ಅದನ್ನು ಕೆಳಗಿಳಿಸುವ ಒಂದು ನೆಪ ಬೇಕು.

ಆ ನೆಪವೇ ತೊಟ್ಟಿಲು ಒಡೆಯರ ಕೂಟ. ಸುಗ್ಗಿ ಮುಗಿದ ಮೇಲೆ ಒಂದು ಭಾನುವಾರ ಕಲಘಟಗಿಯಲ್ಲಿ ಹಳೆಯ ತೊಟ್ಟಿಲುಗಳನ್ನು ಒಂದೆಡೆ ತಂದು, ಚಿತ್ರಗಾರರೂ ಬಡಿಗರೂ ಅವನ್ನು ಪರೀಕ್ಷಿಸಿ, ದುರಸ್ತಿಯ ಅಂದಾಜು ಬರೆದುಕೊಟ್ಟು, ಪ್ರತಿ ತೊಟ್ಟಿಲಿಗೂ ಒಂದು ಸಂಖ್ಯೆ ಕೊಟ್ಟು ನೋಂದಾಯಿಸಬಹುದು. ಮನೆಯ ಹಿರಿಯರು ತೊಟ್ಟಿಲು ಯಾವ ಕಾಲದ್ದು, ಯಾರ ನಾಮಕರಣಕ್ಕೆ ಬಂದದ್ದು ಎಂದು ಹೇಳಿದ್ದನ್ನು ಅದೇ ಪುಟದಲ್ಲಿ ದಾಖಲಿಸಬಹುದು. ಇಂತಹ ಆಸಕ್ತರ ಕೂಟ ಜಿಲ್ಲೆಗೆ ಹೊಸದೇನಲ್ಲ. 1952ರಲ್ಲಿ ನಿಧನರಾದ ಸವಾಯಿ ಗಂಧರ್ವರ ಸ್ಮರಣೆಯಲ್ಲಿ ಕುಂದಗೋಳದ ನಾಡಗೀರ ವಾಡೆಯಲ್ಲಿ ಸೇರುವ ಸಂಗೀತ ರಸಿಕರ ಸಭೆ ನಾಡಿಗೇ ಗೊತ್ತು. ಒಂದು ಊರು ಒಂದು ಕಲೆಯ ಹೆಸರಿನಲ್ಲಿ ಜನರನ್ನು ಪ್ರತಿವರ್ಷ ಕರೆಯಬಲ್ಲದೆಂಬುದು ಅಲ್ಲಿ ಸಿದ್ಧವಾಗಿದೆ.

ಖರ್ಚಿನ ಅಂದಾಜು

ಒಂದು ದಿನದ ಕೂಟಕ್ಕೆ 50 ಕುಟುಂಬಗಳು ಬರುವವೆಂದು ಊಹಿಸೋಣ. ಕೆಳಗಿನ ಅಂಕಿಗಳು ವಿವರಣೆಗಾಗಿ ಕಲ್ಪಿಸಿದವು. ಸ್ಥಳೀಯ ದರಗಳಿಗೆ ತಕ್ಕಂತೆ ಬದಲಿಸಿಕೊಳ್ಳಬೇಕು.

ಆದಾಯ: ಕುಟುಂಬಕ್ಕೆ ₹300ರಂತೆ ₹15,000, ಎಂಟು ಮಳಿಗೆಗಳಿಗೆ ತಲಾ ₹1,000ದಂತೆ ₹8,000, ಒಟ್ಟು ₹23,000.

ವೆಚ್ಚ: ಸಭಾಂಗಣಕ್ಕೆ ₹6,000, 130 ಜನರ ಊಟಕ್ಕೆ ತಲಾ ₹90ರಂತೆ ₹11,700, ಸಂಖ್ಯೆಯ ಫಲಕ ಹಾಗೂ ನೋಂದಣಿ ಪುಸ್ತಕಕ್ಕೆ ₹2,000, ಇತರೆ ₹2,000, ಒಟ್ಟು ₹21,700.

ಉಳಿಕೆ ಕೇವಲ ₹1,300. ಆದರೆ ಕೂಟದ ಯಶಸ್ಸನ್ನು ಈ ಉಳಿಕೆಯಿಂದ ಅಳೆಯಲಾಗದು. ಬಂದ 50 ತೊಟ್ಟಿಲುಗಳಲ್ಲಿ 15ಕ್ಕೆ ಸರಾಸರಿ ₹4,000ದ ದುರಸ್ತಿ ಒಪ್ಪಿಗೆಯಾದರೆ ಕುಶಲಕರ್ಮಿಗಳಿಗೆ ₹60,000ದ ಕೆಲಸ ದೊರೆಯುತ್ತದೆ. ಮದುವೆ, ಸೀಮಂತಗಳ ಕಾಲವಲ್ಲದ ತಿಂಗಳುಗಳಲ್ಲಿ ದುರಸ್ತಿಯ ಕೆಲಸ ಹಂಚಿದರೆ ಕಾರ್ಯಾಗಾರ ವರ್ಷವಿಡೀ ನಡೆಯುತ್ತದೆ. ಕಸುಬು ಕಲಿಯುವ ಹುಡುಗನಿಗೆ ತಿಂಗಳ ಸಂಬಳ ಕೊಡಲು ಸಾಧ್ಯವಾಗುವುದು ಆಗಲೇ. ಮುಂದಿನ ತಲೆಮಾರು ಕಸುಬಿನಲ್ಲಿ ನಿಲ್ಲುವುದೂ ಬಿಡುವುದೂ ಈ ಒಂದು ಅಂಶವನ್ನು ಬಹುಮಟ್ಟಿಗೆ ಅವಲಂಬಿಸಿದೆ.

ಕಾನೂನು ಮತ್ತು ತೆರಿಗೆ

ಆರಂಭದಲ್ಲಿ ಪ್ರತ್ಯೇಕ ಸಂಸ್ಥೆಯ ಅಗತ್ಯವಿಲ್ಲ. ಕೂಟ ವಾರ್ಷಿಕವಾದಾಗ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿಯಲ್ಲಿ ಕನಿಷ್ಠ ಏಳು ಸದಸ್ಯರು ಸೇರಿ ಸಂಘವನ್ನು ನೋಂದಾಯಿಸಬಹುದು. ಗಮನಿಸಬೇಕಾದ ಅಂಶಗಳು ಹೀಗಿವೆ.

1. ಸದಸ್ಯರೇ ಕೊಟ್ಟ ಹಣ ಸದಸ್ಯರಿಗಾಗಿಯೇ ಖರ್ಚಾಗಿ ಉಳಿದದ್ದು ಪರಸ್ಪರತೆಯ ತತ್ತ್ವದಂತೆ ಆದಾಯ ತೆರಿಗೆಗೆ ಒಳಪಡುವುದಿಲ್ಲ. ಸದಸ್ಯರಲ್ಲದವರಿಂದ ಪಡೆದ ಮಳಿಗೆ ಬಾಡಿಗೆ ಮತ್ತು ಬ್ಯಾಂಕ್ ಠೇವಣಿಯ ಬಡ್ಡಿಗೆ ಈ ತತ್ತ್ವ ಅನ್ವಯಿಸದು. ಠೇವಣಿ ಇಟ್ಟ ಬ್ಯಾಂಕುಗಳು ಕ್ಲಬ್ಬಿನ ಸದಸ್ಯರೇ ಆಗಿದ್ದರೂ ಬಡ್ಡಿಗೆ ತೆರಿಗೆ ಉಂಟೆಂದು ಬೆಂಗಳೂರು ಕ್ಲಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ತೀರ್ಪಿತ್ತಿದೆ. ಆದ್ದರಿಂದ ಎರಡು ಬಗೆಯ ಜಮೆಗಳಿಗೆ ಮೊದಲ ದಿನದಿಂದಲೇ ಬೇರೆ ಖಾತೆ ಇರಬೇಕು.

2. ದುರಸ್ತಿಯ ಹಣ ಸಂಘದ ಮೂಲಕ ಹಾಯಬಾರದು. ಒಡೆಯ ನೇರವಾಗಿ ಕುಶಲಕರ್ಮಿಗೆ ಕೊಟ್ಟು ರಸೀದಿ ಪಡೆಯಬೇಕು. ಇದರಿಂದ ಸಂಘದ ವಹಿವಾಟು ಅನಗತ್ಯವಾಗಿ ಬೆಳೆಯುವುದಿಲ್ಲ.

3. ಸರಕನ್ನಷ್ಟೇ ಮಾರುವವರಿಗೆ ಕರ್ನಾಟಕದಲ್ಲಿ 2019ರ ಏಪ್ರಿಲ್ 1ರಿಂದ ಜಿಎಸ್‌ಟಿ ನೋಂದಣಿಯ ಮಿತಿ ವಾರ್ಷಿಕ ₹40 ಲಕ್ಷ. ದುರಸ್ತಿಯು ಸೇವೆ. ತೊಟ್ಟಿಲು ಮಾರುವವನು ದುರಸ್ತಿಯನ್ನೂ ಕೈಗೊಂಡರೆ ಅವನ ಒಟ್ಟು ವಹಿವಾಟಿಗೆ ₹20 ಲಕ್ಷದ ಮಿತಿಯೇ ಅನ್ವಯಿಸುತ್ತದೆ. ಹೊರರಾಜ್ಯಕ್ಕೆ ಸರಕು ಮಾರುವವನು ವಹಿವಾಟು ಎಷ್ಟೇ ಇದ್ದರೂ ಸಾಮಾನ್ಯವಾಗಿ ನೋಂದಾಯಿಸಿಕೊಳ್ಳಬೇಕು. ಅಧಿಸೂಚಿತ ಕರಕುಶಲ ವಸ್ತುಗಳಿಗೆ ಮಾತ್ರ ಷರತ್ತುಬದ್ಧ ವಿನಾಯಿತಿ ಉಂಟು. ಬೆಳಗಾವಿಯಾಚೆ ಮಹಾರಾಷ್ಟ್ರದ ಬೇಡಿಕೆ ಒಪ್ಪಿಕೊಳ್ಳುವ ಮುನ್ನ ಇದನ್ನು ಪರಿಶೀಲಿಸಬೇಕು.

ಮೊದಲ ಹೆಜ್ಜೆ

ಕೂಟಕ್ಕೆ ಮುಂಚೆಯೇ ಮಾಡಬಹುದಾದ, ಹಣ ಬೇಡದ ಒಂದು ಕೆಲಸವಿದೆ. ಇಂದಿನಿಂದ ಹೊರಡುವ ಪ್ರತಿ ತೊಟ್ಟಿಲಿನ ಅಡಿಯಲ್ಲಿ ಒಂದು ಸಂಖ್ಯೆಯನ್ನು ಕೊರೆದು, ಆ ಸಂಖ್ಯೆಯ ಎದುರು ದಿನಾಂಕ, ಮರ, ಚಿತ್ರದ ಪ್ರಸಂಗ, ಬಡಿಗ ಹಾಗೂ ಚಿತ್ರಗಾರರ ಹೆಸರು, ಕೊಂಡವರ ಹೆಸರು ಮತ್ತು ಊರನ್ನು ಬರೆದಿಡುವುದು. ನಗದು ಗಿರಾಕಿಯೂ ಈ ಪುಸ್ತಕದಲ್ಲಿ ಉಳಿಯುತ್ತಾನೆ.

ಈ ಮಾತು ತೊಟ್ಟಿಲಿಗಷ್ಟೇ ಸೀಮಿತವಲ್ಲ. ನವಲಗುಂದದ ಜಮಖಾನೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಅದು ಹೆಸರನ್ನು ಕಾಯುತ್ತದೆ. ಗಿರಾಕಿಯನ್ನು ಕರೆತರುವ ಕೆಲಸ ನೇಯುವವರದೂ ಮಾರುವವರದೂ ಆಗಿಯೇ ಉಳಿದಿದೆ. ಮನೆಮನೆಯ ಪೆಟ್ಟಿಗೆಗಳಲ್ಲಿ ಮಡಚಿಟ್ಟ ಹಳೆಯ ಜಮಖಾನೆಗಳೂ ಒಂದು ಕೂಟಕ್ಕೆ ಕಾದಿವೆ. ಹುಬ್ಬಳ್ಳಿ–ಧಾರವಾಡದ ವರ್ತಕರಲ್ಲಿ ಅನೇಕರ ಮನೆಯ ಅಟ್ಟದ ಮೇಲೆ ಕಲಘಟಗಿಯ ತೊಟ್ಟಿಲು ಇದ್ದೀತು. ಮೊದಲ ಕೂಟದ ಮೊದಲ 50 ಕುಟುಂಬಗಳನ್ನು ಹುಡುಕಲು ದೂರ ಹೋಗಬೇಕಾಗಿಲ್ಲ.